ಕೆಂಪು ಕಣಿವೆಗಳ ನಾಡಿನಲ್ಲಿ ನೀರಿನ ಲೆಕ್ಕ

ನಮ್ಮ ಅಮೆರಿಕ ಸುತ್ತಾಟದ ಬಗ್ಗೆ ಮಾತಾಡಲು ಇವತ್ತು ಒಳಗೆ ಬರುವಾಗಲೇ ಇಬ್ಬರು ಮೂವರು ನನ್ನನ್ನು ತಡೆದು ಕೇಳಿದರು, "ಅಲ್ಲಮ್ಮ, ಆ ಗಾಡಿಯಲ್ಲಿ ಸ್ನಾನ, ಸಂಡಾಸು ಎಲ್ಲ ಹೇಗೆ?" ಅಂತ. ಗ್ರ್ಯಾಂಡ್ ಕ್ಯಾನ್ಯನ್ ಹೇಗಿತ್ತು ಅಂತ ಯಾರೂ ಕೇಳಲಿಲ್ಲ. ನನಗೆ ಖುಷಿಯೇ ಆಯಿತು. ನಾನು ಹೇಳಬೇಕು ಅಂದುಕೊಂಡು ಬಂದದ್ದೂ ಅದನ್ನೇ. ಅಮೆರಿಕದ ಅರಿಜೋನಾ ಮತ್ತು ಯೂಟಾ ರಾಜ್ಯಗಳ ಕೆಂಪು ಕಲ್ಲಿನ ನಾಡನ್ನು ನಾವು ಗಂಡ ಹೆಂಡತಿ ರಿಟೈರ್ ಆದಮೇಲೆ ಮನೆಯಂಥ ಗಾಡಿಯಲ್ಲಿ ಬೇಕಾದಷ್ಟು ಸುತ್ತಿದ್ದೇವೆ. ಆ ಕಣಿವೆಗಳನ್ನು ಕೊರೆದದ್ದು ನೀರು. ಇವತ್ತು ಅಲ್ಲಿ ರಾಜ್ಯ ರಾಜ್ಯಗಳ ನಡುವೆ ಜಗಳ ನಡೆಯುತ್ತಿರುವುದೂ ನೀರಿಗೆ. ನಮ್ಮ ಗಾಡಿ ಯಾವ ಜಾಗದಲ್ಲಿ ಎಷ್ಟು ದಿನ ನಿಲ್ಲಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದೂ ನೀರೇ. ಹಾಗಾಗಿ ಇವತ್ತು ಫೋಟೋ ತೋರಿಸುವುದು ಕಡಿಮೆ, ನೀರಿನ ಮಾತು ಜಾಸ್ತಿ.

ಮೊದಲು ಗಾಡಿ ನೋಡೋಣ. ಇದನ್ನು ಅಲ್ಲಿ ಆರ್‌ವಿ ಅನ್ನುತ್ತಾರೆ. ಮೂರು ಥರ ಇದೆ. ಬಸ್ಸಿನಷ್ಟು ದೊಡ್ಡದು ಕ್ಲಾಸ್ ಎ. ವ್ಯಾನಿನೊಳಗೇ ಎಲ್ಲ ಜೋಡಿಸಿದ್ದು ಕ್ಲಾಸ್ ಬಿ. ಎರಡಕ್ಕೂ ನಡುವಿನದು ಕ್ಲಾಸ್ ಸಿ, ಡ್ರೈವರ್ ತಲೆ ಮೇಲೆ ಅಟ್ಟದ ಹಾಗೆ ಚಾಚಿಕೊಂಡಿರುತ್ತದಲ್ಲ, ಅದು. ನಮ್ಮದು ಅದೇ, 25 ಅಡಿ ಉದ್ದ, ಸೆಕೆಂಡ್ ಹ್ಯಾಂಡ್. ಅಟ್ಟದಲ್ಲಿ ಮಲಗುವ ಜಾಗ ಇದೆ, ಆದರೆ ನಮ್ಮ ಮಂಡಿಗಳಿಗೆ ಆ ಏಣಿ ಹಿಡಿಸುವುದಿಲ್ಲ. ಅಲ್ಲಿ ಅಕ್ಕಿ, ಬೇಳೆ, ಹೊದಿಕೆ ಇಟ್ಟಿದ್ದೇವೆ. ಎರಡು ಬರ್ನರಿನ ಗ್ಯಾಸ್ ಒಲೆ, ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ ಫ್ರಿಜ್, ಹಿಂದುಗಡೆ ಮಂಚ, ಪಕ್ಕದಲ್ಲಿ ಬಚ್ಚಲು. ಬಚ್ಚಲಲ್ಲಿ ನಿಂತು ಕೈ ಚಾಚುವ ಪ್ರಶ್ನೆಯೇ ಇಲ್ಲ, ಮೊಣಕೈ ಗೋಡೆಗೆ ತಾಗುತ್ತದೆ.

ಈ ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆಯ ನೀರಿನದು. ಎರಡನೆಯದು ಸಿಂಕು, ಬಚ್ಚಲಿನ ನೀರು ಹೋಗುವ ಗ್ರೇ ಟ್ಯಾಂಕ್. ಮೂರನೆಯದು ಸಂಡಾಸಿನ ಬ್ಲ್ಯಾಕ್ ಟ್ಯಾಂಕ್. ಒಳ್ಳೆಯ ನೀರು ನಮ್ಮಲ್ಲಿ 40 ಗ್ಯಾಲನ್, ಅಂದರೆ 150 ಲೀಟರ್. ಅಮೆರಿಕದಲ್ಲಿ ಮನೆಯಲ್ಲಿರುವ ಒಬ್ಬ ಮನುಷ್ಯ ಸರಾಸರಿ ದಿನಕ್ಕೆ 300 ಲೀಟರ್‌ಗೆ ಚೂರು ಮೇಲೆಯೇ ಬಳಸುತ್ತಾನೆ ಅಂತ ಅಲ್ಲಿನ ಸರ್ಕಾರದ ಲೆಕ್ಕ. ಅಂದರೆ ನಮ್ಮ ತುಂಬಿದ ಟ್ಯಾಂಕು ಒಬ್ಬನಿಗೆ ಅರ್ಧ ದಿನದ ನೀರು. ಅದನ್ನು ನಾವಿಬ್ಬರು ನಾಲ್ಕೈದು ದಿನ ಎಳೆಯುತ್ತಿದ್ದೆವು.

ಹೇಗೆ ಅಂತೀರಾ? ಚೊಂಬು! ಅಮೆರಿಕದವರಿಗೆ ಷವರ್ ಬಿಟ್ಟು ಸ್ನಾನ ಗೊತ್ತಿಲ್ಲ. ಷವರ್ ತಿರುಗಿಸಿ ಮೈ ನೆನೆಸಿ, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತಿರುಗಿಸಿ ತೊಳೆದುಕೊಳ್ಳುವುದನ್ನು ದೊಡ್ಡ ವಿದ್ಯೆಯ ಹಾಗೆ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ನಾವು ಅರ್ಧ ಬಕೆಟ್ ಬಿಸಿನೀರು, ಒಂದು ಚೊಂಬು ಇಟ್ಟುಕೊಂಡು ಮುಗಿಸುತ್ತಿದ್ದೆವು. ಪಾತ್ರೆಗೂ ಒಂದು ಕ್ರಮ ಇದೆ. ಊಟ ಆದಕೂಡಲೇ ತಟ್ಟೆಯನ್ನು ಕಾಗದದಲ್ಲಿ ಒರೆಸಿಬಿಡಬೇಕು, ಎಣ್ಣೆ ಜಿಡ್ಡು ನೀರಿಗೆ ಇಳಿಯಬಾರದು. ಆಮೇಲೆ ಎರಡು ಲೋಟ ನೀರು ಸಾಕು. ಅಕ್ಕಿ ತೊಳೆದ ನೀರಲ್ಲಿ ತರಕಾರಿ ತೊಳೆಯುವುದು, ತರಕಾರಿ ತೊಳೆದ ನೀರನ್ನು ಸಂಡಾಸಿಗೆ ಹಾಕುವುದು. ನಮ್ಮಮ್ಮ ಬೇಸಿಗೆಯಲ್ಲಿ ಮಾಡುತ್ತಿದ್ದದ್ದೇ, ಹೊಸದೇನೂ ಅಲ್ಲ.

ನೀರು ತುಂಬುವುದಕ್ಕಿಂತ ಖಾಲಿ ಮಾಡುವುದು ದೊಡ್ಡ ಕೆಲಸ. ಅದಕ್ಕೆ ಡಂಪ್ ಸ್ಟೇಷನ್ ಅಂತ ಇರುತ್ತದೆ. ನೆಲದಲ್ಲಿ ಮುಚ್ಚಳ ಇರುವ ಒಂದು ತೂತು. ಗ್ಲೌಸ್ ಹಾಕಿಕೊಂಡು, ಮೂರು ಇಂಚಿನ ದಪ್ಪ ಪೈಪನ್ನು ಗಾಡಿಗೆ ಒಂದು ಕಡೆ, ಆ ತೂತಿಗೆ ಇನ್ನೊಂದು ಕಡೆ ಸಿಗಿಸಬೇಕು. ಮೊದಲು ಬ್ಲ್ಯಾಕ್ ಟ್ಯಾಂಕ್ ಬಿಡಬೇಕು, ಆಮೇಲೆ ಗ್ರೇ. ಸೋಪುನೀರು ಹಿಂದಿನಿಂದ ಬಂದು ಪೈಪು ತೊಳೆದುಕೊಡುತ್ತದೆ. ಈ ಕ್ರಮ ತಪ್ಪಿಸಿದವರನ್ನು ಪಕ್ಕದ ಸಾಲಿನಲ್ಲಿ ನಿಂತೇ ಗುರುತಿಸಬಹುದು, ಮೂಗು ಸಾಕು. ಭಾನುವಾರ ಬೆಳಗ್ಗೆ ಅಲ್ಲಿ ಉದ್ದ ಕ್ಯೂ. ಡಾಕ್ಟರು, ಜಡ್ಜು, ರೈತ, ಲಾರಿ ಡ್ರೈವರು, ರಿಟೈರ್ ಆದ ಮೇಲೆ ಎಲ್ಲರ ಕೈಯಲ್ಲೂ ಅದೇ ಪೈಪು. ನಮ್ಮ ಮನೆಯಲ್ಲಿ ಈ ಕೆಲಸ ಇವರದ್ದು. ಇವರು, ಅಂದರೆ ನಮ್ಮ ಯಜಮಾನರು, ಮುಂದಿನ ಸಾಲಿನಲ್ಲೇ ಕೂತು ನಗುತ್ತಿದ್ದಾರೆ. ಅರಿಜೋನಾದ ಫೀನಿಕ್ಸ್ ಹತ್ತಿರದ ಒಂದು ಊರಿನ ನೀರು ಶುದ್ಧೀಕರಣ ಘಟಕದಲ್ಲಿ ಇಂಜಿನಿಯರ್ ಆಗಿದ್ದವರು. ಕೊಳೆನೀರಿಗೆ ಹೇಸುವವರಲ್ಲ. ನಾನು ಲೆಕ್ಕದ ಮೇಷ್ಟ್ರಮ್ಮ, ದೂರ ನಿಂತು ಲೆಕ್ಕ ಇಡುತ್ತಿದ್ದೆ.

ಕ್ಯಾಂಪ್‌ಗ್ರೌಂಡಿನಲ್ಲಿ ನಿಂತರೆ ನಲ್ಲಿ, ಕರೆಂಟು, ಒಳಚರಂಡಿ ಎಲ್ಲ ಸಿಗುತ್ತದೆ, ದುಡ್ಡು ಕೊಡಬೇಕು. ಸರ್ಕಾರಿ ಬಯಲುಗಳೂ ಇವೆ. ಭೂನಿರ್ವಹಣಾ ಇಲಾಖೆಯ ಜಾಗದಲ್ಲಿ ಸಾಮಾನ್ಯವಾಗಿ 14 ದಿನದ ತನಕ ಪುಕ್ಕಟೆ ಇರಬಹುದು. ನಲ್ಲಿ ಇಲ್ಲ, ಕರೆಂಟಿಲ್ಲ, ಮೇಲೆ ಸೋಲಾರ್ ಫಲಕ, ಕೆಳಗೆ ನಿಮ್ಮ ಟ್ಯಾಂಕು, ಅಷ್ಟೆ. ಅರಿಜೋನಾದ ಕ್ವಾರ್ಟ್‌ಸೈಟ್ ಅನ್ನುವ ಪುಟ್ಟ ಊರಿನ ಸುತ್ತ ಚಳಿಗಾಲದಲ್ಲಿ ಇಂಥ ಗಾಡಿಗಳ ದೊಡ್ಡ ಜಾತ್ರೆಯೇ ನೆರೆಯುತ್ತದೆ. ಅಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ತನಕ, ಏಳು ತಿಂಗಳಿಗೆ 180 ಡಾಲರ್ ಕಟ್ಟಿ ಬೀಡುಬಿಡಬಹುದು. ಉತ್ತರದ ಹಿಮ ತಡೆಯಲಾರದೆ ಬರುವ ಮುದುಕ ಮುದುಕಿಯರೇ ಜಾಸ್ತಿ. ಕೆಲವರು ಮನೆ ಮಾರಿ ಪೂರ್ತಿ ಗಾಡಿಗೇ ಬಂದುಬಿಟ್ಟಿರುತ್ತಾರೆ. ಇವರಿಗೂ ಒಮ್ಮೆ ಆ ಹುಚ್ಚು ಹತ್ತಿತ್ತು. ತುಳಸಿ ಗಿಡ ಎಲ್ಲಿಡುತ್ತೀರಿ ಅಂತ ಕೇಳಿದೆ. ಅಲ್ಲಿಗೆ ಆ ಮಾತು ನಿಂತಿತು.

ಟೈರಿನ ವಿಷಯ ಒಂದು ಹೇಳಿ ಮುಂದೆ ಹೋಗುತ್ತೇನೆ, ಮಕ್ಕಳು ಗಾಡಿ ಕೊಳ್ಳುತ್ತೇನೆ ಅಂದರೆ ನಿಮಗೆ ಉಪಯೋಗಕ್ಕೆ ಬರುತ್ತದೆ. ನಮಗೆ ಗಾಡಿ ಮಾರಿದ ಅಂಗಡಿಯವರು ಟೈರು ಹೊಸದು ಅಂದಿದ್ದರು. ನೋಡಿದರೆ ಹೌದು ಅನ್ನಿಸುತ್ತದೆ, ಹಲ್ಲು ಸವೆದಿರಲಿಲ್ಲ. ಟೈರಿನ ಪಕ್ಕೆಯಲ್ಲಿ ಡಾಟ್ ಅಂತ ಬರೆದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಆಮೇಲಿನ ಎರಡು ಇಸವಿ. 2315 ಅಂದರೆ 2015ನೇ ಇಸವಿಯ 23ನೇ ವಾರ ತಯಾರಾದದ್ದು. ಆರ್‌ವಿ ವರ್ಷದಲ್ಲಿ ಹೆಚ್ಚು ದಿನ ನಿಂತೇ ಇರುತ್ತದೆ, ಮರಳುಗಾಡಿನ ಬಿಸಿಲಿಗೆ ರಬ್ಬರು ಒಳಗೊಳಗೇ ಬಿರುಕು ಬಿಡುತ್ತದೆ. ಓಡಿ ಸವೆಯುವುದಕ್ಕಿಂತ ಮೊದಲೇ ಮುದಿಯಾಗುತ್ತದೆ. ಇವರು ಮಂಡಿಯೂರಿ ಟಾರ್ಚ್ ಹಿಡಿದು ಓದಿದರು. ಏಳು ವರ್ಷ ಹಳೆಯದು. ಮೂರು ವಾರ ಜಗಳವಾಡಿ ಅರ್ಧ ದುಡ್ಡು ವಾಪಸ್ ಪಡೆದೆವು.

ಈಗ ಕಣಿವೆಗೆ ಹೋಗೋಣ. ಯೂಟಾದ ಜಯಾನ್ ಅನ್ನುವ ರಾಷ್ಟ್ರೀಯ ಪಾರ್ಕಿನಿಂದ ಶುರು ಮಾಡುತ್ತೇನೆ. ವರ್ಜಿನ್ ಅನ್ನುವ ನದಿ, ಬೇಸಿಗೆಯಲ್ಲಿ ಎಷ್ಟೋ ಕಡೆ ಮೊಣಕಾಲಷ್ಟು ನೀರು. ಆದರೆ ಅದರ ಎರಡೂ ಪಕ್ಕ 2,000 ಅಡಿ ಎತ್ತರದ ಕೆಂಪು, ಬಿಳಿ ಮರಳುಗಲ್ಲಿನ ಗೋಡೆ. ಈ ಪುಟ್ಟ ನದಿ ಅಷ್ಟು ಕೊರೆಯಿತಾ ಅಂತ ಅನುಮಾನ ಬರುತ್ತದೆ. ಬೇಸಿಗೆಯ ನದಿ ನೋಡಿದರೆ ಅನುಮಾನ ಸರಿಯೇ. ಕೊರೆಯುವ ಕೆಲಸದ ಬಹುಪಾಲು ನಡೆಯುವುದು ಪ್ರವಾಹದ ದಿನ. ಮೇಲೆ ಮಳೆ ಬಿದ್ದಾಗ ಮರ, ಬಂಡೆ, ಮರಳು ಎಲ್ಲ ಉರುಳಿಸಿಕೊಂಡು ಬರುತ್ತದಲ್ಲ, ಆಗ. ಅಲ್ಲಿ ಜುಲೈನಿಂದ ಸೆಪ್ಟೆಂಬರ್ ತನಕ ಮಧ್ಯಾಹ್ನದ ಗುಡುಗು ಮಳೆಯ ಕಾಲ. ಅದನ್ನೂ ಮಾನ್ಸೂನ್ ಅಂತಲೇ ಕರೆಯುತ್ತಾರೆ. ನಮ್ಮ ಆಗುಂಬೆಯವರು ಆ ಮಳೆ ನೋಡಿದರೆ ನಗಬಹುದು. ಆದರೆ ಮಣ್ಣಿಲ್ಲದ ಬರೀ ಕಲ್ಲಿನ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಅರ್ಧ ಗಂಟೆಯಲ್ಲಿ ಕೊರಕಲಿಗೆ ಇಳಿಯುತ್ತದೆ.

ಜಯಾನ್‌ನಲ್ಲಿ ವೀಪಿಂಗ್ ರಾಕ್ ಅಂತ ಒಂದು ಜಾಗ ಇದೆ. ಗೋಡೆಯ ಮಧ್ಯದಿಂದ ನೀರು ತೊಟ್ಟಿಕ್ಕುತ್ತದೆ, ಅಲ್ಲಿ ಮಾತ್ರ ಜರೀಗಿಡ, ಪಾಚಿ, ಹೂವು. ಮೇಲೆ ಬಿದ್ದ ಮಳೆ, ಹಿಮ ಮರಳುಗಲ್ಲಿನ ಸಂದಿಯಲ್ಲಿ ಇಳಿಯುತ್ತಾ ಬಂದು, ಕೆಳಗಿನ ಗಟ್ಟಿ ಪದರ ಸಿಕ್ಕಕೂಡಲೇ ಪಕ್ಕಕ್ಕೆ ಹರಿದು ಹೊರಬರುತ್ತದೆ. ಅಲ್ಲಿ ತೊಟ್ಟಿಕ್ಕುವ ನೀರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಬಿದ್ದದ್ದು ಇದೆ ಅಂತ ಪಾರ್ಕಿನವರು ಹೇಳುತ್ತಾರೆ. ನಾನು ಅಂಗೈ ಒಡ್ಡಿದೆ. ತಣ್ಣಗೆ ಎರಡು ಹನಿ ಬಿತ್ತು. ಬಾದಾಮಿ ಚಾಲುಕ್ಯರ ಕಾಲಕ್ಕೆ ಸ್ವಲ್ಪ ಈಚಿನ ನೀರು ಅಂತ ಇವರಿಗೆ ಹೇಳಿದೆ.

ಜಯಾನ್‌ನಿಂದ ಪೂರ್ವಕ್ಕೆ ಹೋಗಲು ಬೆಟ್ಟ ಕೊರೆದ ಸುರಂಗ ಇದೆ, ಒಂದು ಮೈಲಿಗಿಂತ ಉದ್ದ, 1930ರಲ್ಲಿ ಮುಗಿದದ್ದು. ಆಗಿನ ಸಣ್ಣ ಕಾರುಗಳಿಗೆ ಕಟ್ಟಿದ್ದು. ಮೇಲ್ಛಾವಣಿ ಕಮಾನಿನಂತಿದೆ, ಹಾಗಾಗಿ ಎತ್ತರದ ಗಾಡಿ ನಟ್ಟನಡುವೆಯೇ ಹೋಗಬೇಕು. ನಾವು ಹೋದಾಗ 15 ಡಾಲರ್ ತೆಗೆದುಕೊಂಡು, ಎದುರಿನ ಕಡೆಯ ಗಾಡಿಗಳನ್ನೆಲ್ಲ ನಿಲ್ಲಿಸಿ ನಮ್ಮನ್ನು ಬಿಟ್ಟರು. ಸುರಂಗದ ಆ ಕಡೆ ಬಂದಾಗ ಕಾಯುತ್ತಾ ನಿಂತ ಕಾರುಗಳ ಸಾಲು ನೋಡಿ ನನಗೆ ಸಂಕೋಚ, ಇವರಿಗೆ ಮಾತ್ರ ದಸರಾ ಅಂಬಾರಿ ಮೇಲೆ ಕೂತಷ್ಟು ಜಂಬ. ಈಗ ದೊಡ್ಡ ಗಾಡಿಗಳಿಗೆ ನಿಯಮ ಬಿಗಿ ಮಾಡುತ್ತಿದ್ದಾರೆ. ಹೋಗುವವರು ಮೊದಲೇ ಕೇಳಿಕೊಳ್ಳಿ.

ಯೂಟಾದ ಇನ್ನೊಂದು ಪಾರ್ಕು ಬ್ರೈಸ್‌ನಲ್ಲಿ ಕೆಲಸ ಮಾಡಿದ್ದೂ ನೀರೇ, ಆದರೆ ಹೆಪ್ಪುಗಟ್ಟಿದ ನೀರು. ಅದು 8,000 ಅಡಿಗಿಂತ ಮೇಲಿದೆ. ಹಗಲು ಹಿಮ ಕರಗಿ ಕಲ್ಲಿನ ಬಿರುಕಿಗೆ ಇಳಿಯುತ್ತದೆ, ರಾತ್ರಿ ಗಟ್ಟಿಯಾಗಿ ಹಿಗ್ಗಿ ಬಿರುಕನ್ನು ಅಗಲ ಮಾಡುತ್ತದೆ. ವರ್ಷದಲ್ಲಿ ಅರ್ಧದಷ್ಟು ದಿನ ಇದೇ ನಡೆಯುತ್ತದೆ. ಹೀಗೆ ಒಡೆದೊಡೆದು ಸಾವಿರಾರು ಕಲ್ಲಿನ ಕಂಬಗಳು ಉಳಿದುಕೊಂಡಿವೆ. ಎತ್ತರದ ಇನ್ನೊಂದು ಪಾಠ ಅಡಿಗೆಯದು. ಅಲ್ಲಿ ನೀರು 92 ಡಿಗ್ರಿ ಸುತ್ತಮುತ್ತಲೇ ಕುದಿದುಬಿಡುತ್ತದೆ, ತೊಗರಿಬೇಳೆ ಬೇಯುವುದೇ ಇಲ್ಲ. ಪಕ್ಕದ ಗಾಡಿಯ ಹೆಂಗಸು ಬೆಳಗ್ಗೆಯಿಂದ ಹುರುಳಿಕಾಯಿ ಬೀಜ ಬೇಯಿಸುತ್ತಿದ್ದಳು, ಪಾಪ. ನಮ್ಮ ಕುಕ್ಕರ್ ಸೀಟಿ ಹೊಡೆದಾಗ ಬೆಚ್ಚಿ ಹೊರಗೆ ಬಂದಳು. ಆಮೇಲೆ ಅವಳ ಬೀಜವೂ ನಮ್ಮ ಕುಕ್ಕರಿನಲ್ಲೇ ಬೆಂದಿತು.

ದಾರಿಯಲ್ಲಿ ಕ್ಯಾಪಿಟಲ್ ರೀಫ್ ಪಾರ್ಕ್ ಬಿಡಬೇಡಿ. ಜಯಾನ್, ಬ್ರೈಸ್‌ಗೆ ಹೋಗುವವರಲ್ಲಿ ಎಷ್ಟೋ ಜನ ಅದನ್ನು ಬಿಟ್ಟೇ ಬರುತ್ತಾರೆ. ಕೆಂಪು ಗೋಡೆಗಳ ನಡುವೆ ಫ್ರೂಟಾ ಅನ್ನುವ ಹಳೆಯ ಹಳ್ಳಿ. 1880ರ ದಶಕದಲ್ಲಿ ಮಾರ್ಮನ್ ಪಂಥದವರು ಬಂದು, ಫ್ರೀಮಾಂಟ್ ನದಿಯಿಂದ ಕಾಲುವೆ ತೆಗೆದು ಹಣ್ಣಿನ ತೋಟ ಹಾಕಿದರು. ಜನ ಹೋದರು, ತೋಟ ಉಳಿದಿದೆ. ಚೆರಿ, ಏಪ್ರಿಕಾಟ್, ಪೀಚ್, ಪೇರ್, ಸೇಬು, ಹತ್ತಿರ ಹತ್ತಿರ ಎರಡು ಸಾವಿರ ಮರ. ಈಗ ಪಾರ್ಕಿನವರೇ ನೋಡಿಕೊಳ್ಳುತ್ತಾರೆ. ಕಾಯಿ ಬಿಟ್ಟ ಕಾಲದಲ್ಲಿ ಏಣಿ ಇಟ್ಟಿರುತ್ತಾರೆ. ತೋಟದೊಳಗೆ ತಿಂದರೆ ದುಡ್ಡಿಲ್ಲ, ಮನೆಗೆ ಒಯ್ದರೆ ತಕ್ಕಡಿಯಲ್ಲಿ ತೂಗಿ ನೀವೇ ಡಬ್ಬಕ್ಕೆ ಕಾಸು ಹಾಕಬೇಕು. ಕ್ಯಾಂಪ್‌ಗ್ರೌಂಡು ತೋಟದ ಮಗ್ಗುಲಲ್ಲೇ ಇದೆ. ಇವತ್ತಿಗೂ ಕಾಲುವೆಯಿಂದಲೇ ನೀರು ಹಾಯಿಸುತ್ತಾರೆ. ಹಲಗೆ ಎತ್ತಿದಾಗ ನೀರು ಮಡೆ ಹಿಡಿದು ಒಂದೊಂದೇ ಮರದ ಬುಡಕ್ಕೆ ಹೋಗುವುದನ್ನು ಇವರು ನಿಂತು ನೋಡುತ್ತಿದ್ದರು. ಊಟಕ್ಕೆ ಕರೆದರೂ ಬರಲಿಲ್ಲ. ಮಂಡ್ಯ ಕಡೆ ಹುಟ್ಟಿದವರು, ಏನು ಮಾಡೋದು.

ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಅರಿಜೋನಾದ ಗಡಿಯಲ್ಲಿ ಪೇಜ್ ಅನ್ನುವ ಊರು. ಇದರ ಹತ್ತಿರ ಆಂಟಿಲೋಪ್ ಕ್ಯಾನ್ಯನ್ ಇದೆ. ಮೊಬೈಲ್, ಕಂಪ್ಯೂಟರ್ ಪರದೆ ಮೇಲೆ ನೀವೆಲ್ಲ ನೋಡಿಯೇ ಇರುತ್ತೀರಿ, ಕೆಂಪು ಕಲ್ಲಿನ ಇಕ್ಕಟ್ಟಾದ ಓಣಿ, ಮೇಲಿಂದ ಬಿಸಿಲಿನ ಕೋಲು. ಇದು ನವಾಹೊ ಮೂಲನಿವಾಸಿಗಳ ನೆಲ. ಅವರ ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. 1997ರ ಆಗಸ್ಟ್ 12ರಂದು ಇಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಅವರ ತಲೆ ಮೇಲೆ ಮಳೆಯೇ ಇರಲಿಲ್ಲ. ಮಳೆ ಬಿದ್ದದ್ದು ಮೈಲಿಗಟ್ಟಲೆ ದೂರದಲ್ಲಿ. ಈಗ ಕಬ್ಬಿಣದ ಏಣಿಗಳನ್ನು ಕಲ್ಲಿಗೆ ಬಿಗಿದಿದ್ದಾರೆ, ಮೇಲಿನ ಹವೆ ನೋಡಿ ಪ್ರವಾಸ ನಿಲ್ಲಿಸುತ್ತಾರೆ. ಇವತ್ತು ಹೋಗುವುದು ಬೇಡ ಅಂತ ಗೈಡ್ ಹೇಳಿದ ದಿನ ವಾದ ಮಾಡಬೇಡಿ. ದುಡ್ಡು ಕೊಟ್ಟಿದ್ದೇವೆ ಅಂತ ರಂಪ ಮಾಡಿದವರನ್ನು ನಾನು ನೋಡಿದ್ದೇನೆ, ಅದರಲ್ಲಿ ನಮ್ಮ ದೇಶದವರೂ ಇದ್ದರು.

ಪೇಜ್ ಊರು ಹುಟ್ಟಿದ್ದೇ 1957ರಲ್ಲಿ, ಅಣೆಕಟ್ಟಿನ ಕೆಲಸಗಾರರಿಗಾಗಿ. ಗ್ಲೆನ್ ಕ್ಯಾನ್ಯನ್ ಅಣೆಕಟ್ಟು, ಕೊಲರಾಡೊ ನದಿಗೆ ಅಡ್ಡಲಾಗಿ 710 ಅಡಿ ಎತ್ತರ. ಅದರ ಹಿಂದಿನ ಕೆರೆ ಲೇಕ್ ಪೊವೆಲ್. ಇಲ್ಲಿ ಮೈಸೂರಿನಲ್ಲಿ ಕೂತು ಇದರ ಬಗ್ಗೆ ಮಾತಾಡುವುದು ನನಗೆ ಸುಲಭ. ಜೂನ್, ಜುಲೈ ಬಂದರೆ ನಾವೆಲ್ಲ ಪೇಪರಿನಲ್ಲಿ ಮೊದಲು ನೋಡುವುದು ಕನ್ನಂಬಾಡಿ ಕಟ್ಟೆ ಎಷ್ಟು ಅಡಿ ಅಂತ, ಅಲ್ವಾ? 124.80 ಅಡಿ ನಮಗೆ ಬಾಯಿಪಾಠ. ಅರಿಜೋನಾದಲ್ಲಿ ನೀರಿನ ಕೆಲಸದಲ್ಲಿರುವವರಿಗೆ 3,700 ಹಾಗೆ. ಸಮುದ್ರಮಟ್ಟದಿಂದ 3,700 ಅಡಿ ಬಂದರೆ ಕೆರೆ ತುಂಬಿದ ಹಾಗೆ. 3,490ಕ್ಕಿಂತ ಇಳಿದರೆ ಕರೆಂಟು ತಯಾರಾಗುವುದಿಲ್ಲ. 1963ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದರು, ಪೂರ್ತಿ ತುಂಬಿದ್ದು 1980ರಲ್ಲಿ. ಹದಿನೇಳು ವರ್ಷ! ಕೆರೆಯ ಅಳತೆಯನ್ನು ನಮ್ಮ ಲೆಕ್ಕಕ್ಕೆ ತಂದರೆ, ಶುರುವಿನಲ್ಲಿ 1,100 ಟಿಎಂಸಿಗಿಂತ ಜಾಸ್ತಿ. ಕನ್ನಂಬಾಡಿ 49 ಚಿಲ್ಲರೆ. ಇಪ್ಪತ್ತು ಕನ್ನಂಬಾಡಿ ಅದರಲ್ಲಿ ಮುಳುಗುತ್ತವೆ.

1983ರ ಕಥೆ ಇವರಿಗೆ ಬಹಳ ಇಷ್ಟ. ಆ ವರ್ಷ ಹಿಮ ಕರಗಿ ಇದ್ದಕ್ಕಿದ್ದಂತೆ ನೀರು ಬಂತು. ಕೋಡಿ ಬಿಟ್ಟರು. ಇಲ್ಲಿ ಕೋಡಿ ಅಂದರೆ ಪಕ್ಕದ ಬಂಡೆಯೊಳಗಿನ ಸುರಂಗ. ಬಿಟ್ಟ ನೀರಿನ ರಭಸಕ್ಕೆ ಸುರಂಗದ ಕಾಂಕ್ರೀಟು ಕಿತ್ತು, ಒಳಗಿನ ಬಂಡೆಯನ್ನೇ ತಿನ್ನತೊಡಗಿತು. ಕೋಡಿ ಜಾಸ್ತಿ ಬಿಡುವ ಹಾಗಿಲ್ಲ, ಕೆರೆ ಏರುತ್ತಲೇ ಇದೆ. ಆಗ ಗೇಟಿನ ಮೇಲಂಚಿಗೆ ಪ್ಲೈವುಡ್ ಹಲಗೆ ನಿಲ್ಲಿಸಿ ನೀರು ತಡೆದರು. ಹೌದು, ಪ್ಲೈವುಡ್! ನಾಲ್ಕು ಅಡಿ ಎತ್ತರ. ಆಮೇಲೆ ಅದರ ಬದಲು ಉಕ್ಕಿನ ಹಲಗೆ ಬಂತು. ಕಟ್ಟೆ ಉಳಿಯಿತು.

ಅಷ್ಟು ತುಂಬಿದ್ದ ಕೆರೆ 2023ರ ಆರಂಭದಲ್ಲಿ ಕಾಲು ಭಾಗಕ್ಕಿಂತ ಕೆಳಗೆ ಇಳಿದಿತ್ತು. ಸುತ್ತಲಿನ ಕೆಂಪು ಬಂಡೆಯ ಮೇಲೆ ನೀರು ಮೊದಲು ಎಲ್ಲಿತ್ತು ಅಂತ ತೋರಿಸುವ ಬಿಳಿ ಪಟ್ಟೆ ಇದೆ. ಬಚ್ಚಲ ಹಂಡೆಯೊಳಗೆ ಗಡಸುನೀರು ಬಿಡುವ ಗೆರೆ ಇರುತ್ತದಲ್ಲ, ಅದೇ, ಆದರೆ ಹತ್ತು ಮಹಡಿಗೂ ಮೀರಿದ ಎತ್ತರಕ್ಕೆ. ದೋಣಿ ಇಳಿಸಲು ಹಾಕಿದ ಕಾಂಕ್ರೀಟಿನ ಇಳಿಜಾರುಗಳು ನೀರು ಮುಟ್ಟದೆ ಬಂಡೆಯ ಮೇಲೆ ನಿಂತುಬಿಟ್ಟಿದ್ದವು.

ಯಾಕೆ ಹೀಗಾಯಿತು? ಬರ ಒಂದು ಕಾರಣ, ಬಿಸಿ ಏರುತ್ತಿರುವುದು ಇನ್ನೊಂದು. ಆದರೆ ಬೇರು 1922ರಲ್ಲಿದೆ. ಆ ವರ್ಷ ನವೆಂಬರಿನಲ್ಲಿ ಏಳು ರಾಜ್ಯಗಳು ಸೇರಿ ಕೊಲರಾಡೊ ನೀರು ಹಂಚಿಕೊಂಡವು. ನಮ್ಮ ಕಾವೇರಿ ಒಪ್ಪಂದ 1924ರದ್ದು, ಬರೀ ಎರಡು ವರ್ಷದ ಅಂತರ. ಅವರ ಹಂಚಿಕೆ ಹೀಗೆ: ಮೇಲಿನ ರಾಜ್ಯಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ ಅಡಿ, ಕೆಳಗಿನವಕ್ಕೆ ಅಷ್ಟೇ. ನಮ್ಮ ಭಾಷೆಯಲ್ಲಿ ತಲಾ ಸುಮಾರು 327 ಟಿಎಂಸಿ. ಆದರೆ ಲೆಕ್ಕಕ್ಕೆ ಹಿಡಿದದ್ದು ನದಿಯಲ್ಲಿ ಹೇರಳವಾಗಿ ನೀರಿದ್ದ ವರ್ಷಗಳನ್ನು. ಮರದ ಉಂಗುರಗಳನ್ನು ಓದಿದಾಗ ಆಮೇಲೆ ಗೊತ್ತಾಯಿತು, ಇಪ್ಪತ್ತನೇ ಶತಮಾನದ ಆರಂಭ ಶತಮಾನಗಳಲ್ಲೇ ಅಪರೂಪದ ತೇವದ ಕಾಲ ಅಂತ. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿದ್ದರು. 1944ರಲ್ಲಿ ಮೆಕ್ಸಿಕೊಗೆ ಇನ್ನೊಂದು 15 ಲಕ್ಷ ಎಕರೆ ಅಡಿ ಒಪ್ಪಿಕೊಂಡರು.

ಮೇಲಿನವರು ಕೆಳಗಿನವರಿಗೆ ಎಷ್ಟು ಬಿಟ್ಟರು ಅಂತ ಅಳೆಯುವ ಗಡಿ ಲೀ ಫೆರಿ. ಪೇಜ್‌ನಿಂದ ಕೆಳಕ್ಕೆ, ಹತ್ತಿರದಲ್ಲೇ ಇದೆ. ನಾವು ಅಲ್ಲಿ ಗಾಡಿ ನಿಲ್ಲಿಸಿ ಇಳಿದೆವು. ಹಸಿರು ಬಣ್ಣದ ತಣ್ಣೀರು, ದಡದಲ್ಲಿ ರಬ್ಬರ್ ದೋಣಿಗೆ ಸಾಮಾನು ಕಟ್ಟುವವರು. "ಇದು ಅವರ ಬಿಳಿಗುಂಡ್ಲು" ಅಂದರು ಇವರು. ನಮ್ಮಲ್ಲಿ 2018ರ ಕಾವೇರಿ ತೀರ್ಪಿನಂತೆ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ, ಅದನ್ನೂ ತಿಂಗಳ ತಿಂಗಳ ಲೆಕ್ಕದಲ್ಲಿ ಬಿಡಬೇಕು. ಅಲ್ಲಿ ಹಾಗಲ್ಲ. ಹತ್ತು ವರ್ಷದ ಮೊತ್ತ ಕಡಿಮೆ ಆಗಬಾರದು, ಅಷ್ಟೆ. ಒಂದು ವರ್ಷ ಬರ ಬಂದರೆ ಇನ್ನೊಂದು ವರ್ಷ ಸರಿದೂಗಿಸಬಹುದು. ಕೆಟ್ಟ ವರ್ಷದಲ್ಲಿ ಬೀದಿಗೆ ಬೆಂಕಿ ಬೀಳದಿರಲು ಇದು ಒಳ್ಳೆಯ ದಾರಿ ಅಂತ ನನಗೆ ಅನ್ನಿಸುತ್ತದೆ. ಇವರು ಒಪ್ಪುವುದಿಲ್ಲ. ದೊಡ್ಡ ಕೆರೆ ಇದ್ದವರಿಗೆ ಮಾತ್ರ ಆ ಆಟ, ಒಂದು ಮಳೆಗಾಲ ಕೈಕೊಟ್ಟರೆ ಖಾಲಿಯಾಗುವ ಕಟ್ಟೆಗಳನ್ನಿಟ್ಟುಕೊಂಡು ಹತ್ತು ವರ್ಷದ ಲೆಕ್ಕ ಹೇಗೆ ಮಾಡುತ್ತೀ ಅನ್ನುತ್ತಾರೆ. ಈ ವಾದ ನಮ್ಮ ಗಾಡಿಯಲ್ಲಿ ಇನ್ನೂ ಮುಗಿದಿಲ್ಲ. ನಮಗೂ ಅದರಲ್ಲಿ ಪಾಲಿದೆ ಅನ್ನಿ. 336 ಮೈಲಿ ಕಾಲುವೆಯಲ್ಲಿ ಕೊಲರಾಡೊ ನೀರು ಫೀನಿಕ್ಸ್ ಕಡೆಗೂ ಬರುತ್ತದೆ.

ಲೀ ಫೆರಿ ಹತ್ತಿರವೇ ನವಾಹೊ ಸೇತುವೆ, 1929ರದ್ದು, ಕೆಳಗೆ 470 ಅಡಿಗೆ ನದಿ. ಅದರ ಕಂಬಿಗಳ ಮೇಲೆ ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನುವ ರಣಹದ್ದುಗಳು ಕೂತಿರುತ್ತವೆ, ರೆಕ್ಕೆಗೆ ನಂಬರಿನ ಬಿಲ್ಲೆ. 1982ರಲ್ಲಿ ಜಗತ್ತಿನಲ್ಲಿ ಉಳಿದಿದ್ದದ್ದೇ 22. ಎಲ್ಲವನ್ನೂ ಹಿಡಿದು ಮರಿ ಮಾಡಿಸಿ 1996ರಿಂದ ಇಲ್ಲಿ ಬಿಡುತ್ತಿದ್ದಾರೆ. ಬೋಳುತಲೆ, ಚಂದ ಏನೂ ಇಲ್ಲ. ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ.

ನವಾಹೊ ನಾಡಿನಲ್ಲಿ ಗಡಿಯಾರದ ಗೊಂದಲ ಒಂದಿದೆ. ಅರಿಜೋನಾದವರು ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡುವುದಿಲ್ಲ, ನವಾಹೊ ಜನ ಮಾಡುತ್ತಾರೆ, ಅವರ ನಡುವೆಯೇ ಇರುವ ಹೋಪಿ ಜನ ಮಾಡುವುದಿಲ್ಲ. ಹೇಳಿದ ಹೊತ್ತಿಗೆ ಟೂರಿಗೆ ಹೋಗುವುದು ಅಲ್ಲಿ ಒಂದು ಸಾಹಸ. ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಇನ್ನೊಂದು. ಮಾನ್ಯುಮೆಂಟ್ ವ್ಯಾಲಿ ಕಡೆ ಹೋಗುವ ರಸ್ತೆಯಲ್ಲಿ ಪಿಕಪ್ ಟ್ರಕ್ಕುಗಳ ಹಿಂದೆ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟುಕೊಂಡು ಜನ ನೀರು ಒಯ್ಯುತ್ತಿರುತ್ತಾರೆ. ಅಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಮನೆಗೆ ಇವತ್ತಿಗೂ ನಲ್ಲಿಯಿಲ್ಲ. ನಾವು ಖುಷಿಗೆ 40 ಗ್ಯಾಲನ್‌ನಲ್ಲಿ ಬದುಕುತ್ತಿದ್ದೆವು, ಅವರು ಬೇರೆ ದಾರಿಯಿಲ್ಲದೆ. ನಮ್ಮ ಪಕ್ಕದಲ್ಲೇ ನೀರು ತುಂಬಿಸುತ್ತಿದ್ದ ಒಬ್ಬ ಅಜ್ಜಿ ನಮ್ಮ ಟ್ಯಾಂಕು ಎಷ್ಟು ಹಿಡಿಯುತ್ತದೆ ಅಂತ ಕೇಳಿದರು. ಹೇಳಿದೆ. ಕುರಿಗಳಿಗೂ ಸೇರಿಯಾ ಅಂದರು. 1922ರಲ್ಲಿ ನೀರು ಹಂಚಿಕೊಂಡಾಗ ಈ ಜನರನ್ನು ಕರೆದೇ ಇರಲಿಲ್ಲ. ನಮಗೆ ನೀರು ಒದಗಿಸುವುದು ಸರ್ಕಾರದ ಹೊಣೆ ಅಂತ ಅವರು ಕೋರ್ಟಿಗೆ ಹೋದರು. ಸರ್ಕಾರದ ಜೊತೆ ಅವರು ಮಾಡಿಕೊಂಡ 1868ರ ಒಪ್ಪಂದದಲ್ಲಿ ಅಂಥ ಹೊಣೆ ಇಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟಿನಿಂದ ಐದಕ್ಕೆ ನಾಲ್ಕರಂತೆ ತೀರ್ಪು ಬಂತು.

ಇನ್ನು ಗ್ರ್ಯಾಂಡ್ ಕ್ಯಾನ್ಯನ್. 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರ್‌ಗಿಂತ ಆಳ. ವರ್ಣನೆ ಮಾಡಲ್ಲ. ನಮ್ಮವರಿಗೆ ಅಲ್ಲಿ ಒಂದು ಅಚ್ಚರಿ ಕಾದಿರುತ್ತದೆ. ಡೆಸರ್ಟ್ ವ್ಯೂ ಕಡೆ ಹೋಗುವ ರಸ್ತೆಯಿಂದ ಒಂದು ಶಿಖರ ಕಾಣುತ್ತದೆ, ಹೆಸರು ವಿಷ್ಣು ಟೆಂಪಲ್. ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಇವೆ. ಕೃಷ್ಣ, ರಾಮನ ಹೆಸರಿನವೂ ಇವೆ. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಅನ್ನುವ ಭೂವಿಜ್ಞಾನಿ ಅಲ್ಲಿನ ಶಿಖರಗಳಿಗೆ ಪೂರ್ವದೇಶದ ದೇವರ ಹೆಸರಿಡುವ ಚಾಳಿ ಶುರು ಮಾಡಿದರು. ಕಣಿವೆಯ ತಳದ ಕಪ್ಪು ಬಂಡೆಗೂ ವಿಷ್ಣು ಶಿಸ್ಟ್ ಅಂತಲೇ ಹೆಸರು. ವಯಸ್ಸು ಸುಮಾರು 175 ಕೋಟಿ ವರ್ಷ. ಅಲ್ಲಿದ್ದ ರೇಂಜರ್ ಹುಡುಗಿ, ಇಷ್ಟು ಹಳೆಯ ಕಲ್ಲು ನೋಡಿದ್ದೀರಾ ಅಂತ ಹೆಮ್ಮೆಯಿಂದ ಕೇಳಿದಳು. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ, ಮಕ್ಕಳು ಅದರ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಾರೆ ಅಂದೆ. ಪಾಪ, ನಂಬಿದಳೋ ಇಲ್ಲವೋ.

ಕೊಲರಾಡೊದಂಥ ದೊಡ್ಡ ನದಿ ಕೆಳಗೆ ಹರಿಯುತ್ತಿದ್ದರೂ ದಕ್ಷಿಣದ ಅಂಚಿನ ಹೋಟೆಲು, ನಲ್ಲಿಗಳಿಗೆ ನೀರು ಬರುವುದು ಆ ನದಿಯಿಂದಲ್ಲ. ಉತ್ತರದ ಗೋಡೆಯಲ್ಲಿ ರೋರಿಂಗ್ ಸ್ಪ್ರಿಂಗ್ಸ್ ಅನ್ನುವ ಬುಗ್ಗೆ ಇದೆ. ಅಲ್ಲಿಂದ ಪೈಪು ಕಣಿವೆಗೆ ಇಳಿದು, ನದಿ ದಾಟಿ, ಈ ಕಡೆ ಹತ್ತಿ ಬರುತ್ತದೆ, 20 ಕಿಲೋಮೀಟರ್. 1960ರ ದಶಕದಲ್ಲಿ ಹಾಕಿದ್ದು. 2010ರಿಂದೀಚೆಗೆ 85ಕ್ಕೂ ಹೆಚ್ಚು ಸಲ ದೊಡ್ಡದಾಗಿ ಒಡೆದಿದೆ. 2024ರ ಆಗಸ್ಟ್ ಕೊನೆಗೆ ಒಂದರ ಹಿಂದೊಂದು ಒಡೆದು, ದಕ್ಷಿಣದ ಅಂಚಿನಲ್ಲಿ ರಾತ್ರಿ ತಂಗುವುದನ್ನೇ ನಿಲ್ಲಿಸಿದರು. ಈಗ ಹೊಸ ಪೈಪು ಹಾಕುತ್ತಿದ್ದಾರೆ. ಹಾಗಾಗಿ ನಾವು ಆ ಕಡೆ ಹೋಗುವಾಗ ಮುಂಚಿನ ಊರಲ್ಲೇ ಟ್ಯಾಂಕು ತುಂಬಿಸಿಕೊಳ್ಳುತ್ತೇವೆ.

ಹೋಗುವ ಆಸೆ ಇದ್ದವರಿಗೆ ಎರಡು ಮಾತು. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಒಳ್ಳೆಯದು. ಜೂನ್, ಜುಲೈನಲ್ಲಿ ಕಣಿವೆಯ ತಳದಲ್ಲಿ 40 ಡಿಗ್ರಿ ದಾಟುತ್ತದೆ. ಒಂದೇ ದಿನದಲ್ಲಿ ನದಿಗೆ ಇಳಿದು ಹತ್ತಿ ಬರಬೇಡಿ ಅಂತ ಬೋರ್ಡೇ ಇದೆ. ಅಲ್ಲಿನ ಪೌರರಿಗೆ, ಕಾಯಂ ವಾಸಿಗಳಿಗೆ 62 ತುಂಬಿದ್ದರೆ 80 ಡಾಲರಿಗೆ ಜೀವನಪೂರ್ತಿ ಪಾರ್ಕ್ ಪಾಸ್ ಸಿಗುತ್ತದೆ. ಇಲ್ಲಿಂದ ಹೋಗುವವರಿಗೆ 2026ರಿಂದ ದುಬಾರಿ. ಗ್ರ್ಯಾಂಡ್ ಕ್ಯಾನ್ಯನ್, ಜಯಾನ್, ಬ್ರೈಸ್ ಸೇರಿ ಹನ್ನೊಂದು ಪಾರ್ಕುಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ. ಎರಡು ಮೂರು ಪಾರ್ಕು ನೋಡುವುದಾದರೆ 250 ಡಾಲರಿನ ವಾರ್ಷಿಕ ಪಾಸೇ ಮೇಲು. ಬಾಡಿಗೆ ಗಾಡಿಯಾದರೆ ಕಚ್ಚಾರಸ್ತೆಗೆ ಇಳಿಯಬಾರದು ಅಂತ ಕರಾರಿನಲ್ಲಿ ಇರುತ್ತದೆ, ಓದಿಕೊಳ್ಳಿ.

ಇಷ್ಟು ಸಣ್ಣ ಜಾಗದಲ್ಲಿ ಗಂಡ ಹೆಂಡತಿ ಜಗಳ ಆಗಲ್ವಾ ಅಂತ ಅಲ್ಲಿಂದ ಯಾರೋ ಕೇಳುತ್ತಿದ್ದೀರಿ. ಆಗುತ್ತದೆ. ನೀರಿಗೆ ಅಲ್ಲ, ರಿವರ್ಸಿಗೆ. ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವಾಗ ಒಬ್ಬರು ಸ್ಟಿಯರಿಂಗ್ ಹಿಡಿಯಬೇಕು, ಇನ್ನೊಬ್ಬರು ಹಿಂದೆ ನಿಂತು ಕೈಸನ್ನೆ ಮಾಡಬೇಕು. ನಾನು ಎಡ ಅಂದರೆ ನನ್ನ ಎಡವಾ, ಗಾಡಿಯ ಎಡವಾ? ಕನ್ನಡಿಯಲ್ಲಿ ನಾನು ಕಾಣದಿದ್ದರೆ ಇವರು ನಿಲ್ಲಿಸಬೇಕು, ನಿಲ್ಲಿಸುವುದಿಲ್ಲ. ಸುತ್ತಲಿನವರು ಕುರ್ಚಿ ಹಾಕಿಕೊಂಡು ಕೂತು ನೋಡುತ್ತಿರುತ್ತಾರೆ, ಅವರಿಗೆ ಸಂಜೆಯ ಮನರಂಜನೆ ಅದೇ. ನಾವು ಕನ್ನಡದಲ್ಲಿ ಕಿರುಚಾಡಿದರೂ ಅವರಿಗೆಲ್ಲ ಅರ್ಥವಾಗುತ್ತದೆ. ಅದಕ್ಕೇ ಹೇಳುತ್ತೇನೆ, ಒಂದು ಕಡೆ ನುಗ್ಗಿ ಇನ್ನೊಂದು ಕಡೆ ನೇರ ಹೊರಡುವಂಥ ಜಾಗಗಳೂ ಇರುತ್ತವೆ. ಬುಕ್ ಮಾಡುವಾಗ ಅದನ್ನೇ ಕೇಳಿ. ಐದು ಹತ್ತು ಡಾಲರ್ ಜಾಸ್ತಿಯಾದರೂ ಕೊಟ್ಟುಬಿಡಿ.